ಎಳೆಯುತ್ತೆ ಸರಿ, ಹೊರುತ್ತಾ? ಒಂದು ಹಾಫ್-ಟನ್ ಪಿಕಪ್, ಒಂದು ಫಿಫ್ತ್ ವೀಲ್ ಟ್ರೈಲರ್

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಒಂದು ಕನ್ನಡ ಕುಟುಂಬದ ಪ್ರಕರಣ ಇದು. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಹಾಸನದ ಕಡೆಯವರು. ಬರೆಯಿರಿ, ಆದರೆ ಹೆಸರು ಬೇಡ, ಗಾಡಿಯ ಕಂಪನಿಯ ಹೆಸರೂ ಬೇಡ ಅಂದರು. ಎರಡನ್ನೂ ಬಿಟ್ಟಿದ್ದೇನೆ. ತೂಕದ ಲೆಕ್ಕ ಮಾತ್ರ ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ.

ಅವರದು ಹಾಫ್-ಟನ್ ಪಿಕಪ್, ಅಂದರೆ ದೊಡ್ಡ ಪಿಕಪ್ಪುಗಳಲ್ಲಿ ಹಗುರ ವರ್ಗದ್ದು. ಹಾಫ್-ಟನ್ ಅನ್ನೋದು ಈಗ ಬರೀ ವರ್ಗದ ಹೆಸರು, ಹೊರುವ ತೂಕ ಅಲ್ಲ. ಫೋರ್ಡ್ ಎಫ್-150, ರಾಮ್ 1500, ಷೆವರ್ಲೆ ಸಿಲ್ವರಾಡೊ 1500, ಟೊಯೋಟಾ ಟಂಡ್ರಾ ಇವೆಲ್ಲ ಈ ವರ್ಗದ ಗಾಡಿಗಳು. ಅಮೆರಿಕದಲ್ಲಿ ಪಿಕಪ್ಪಿಗೇ ಟ್ರಕ್ ಅಂತಲೂ ಅನ್ನುತ್ತಾರೆ. ಆಫೀಸಿಗೂ ಅದೇ, ತರಕಾರಿ ತರೋದಕ್ಕೂ ಅದೇ. ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಚರ್ಮದ ಸೀಟು, ಮೇಲೆ ದೊಡ್ಡ ಗಾಜಿನ ಸನ್‌ರೂಫ್. ತೆಗೆದುಕೊಂಡು ಎರಡು ವರ್ಷ ಆದಮೇಲೆ ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಟ್ರೈಲರ್ ಒಂದನ್ನು ಕೊಂಡರು. ಒಳಗೆ ಅಡುಗೆಮನೆ, ಬಾತ್‌ರೂಮು, ಮೇಲೆ ಮಂಚ ಎಲ್ಲ ಇರುವ, ಚಕ್ರದ ಮೇಲಿನ ಮನೆ.

ಫಿಫ್ತ್ ವೀಲ್ ನೋಡದವರಿಗೆ ಒಂದು ಮಾತು. ಕಂಟೇನರ್ ಎಳೆಯುವ ಉದ್ದನೆಯ ಲಾರಿಗಳನ್ನು ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ನೋಡಿರುತ್ತೀರಿ. ಅಲ್ಲಿರುವ ವ್ಯವಸ್ಥೆಯೇ ಇಲ್ಲೂ ಇರೋದು. ಟ್ರೈಲರಿನ ಮೂತಿ ಪಿಕಪ್ಪಿನ ಬೆಡ್, ಅಂದರೆ ಹಿಂದೆ ಸಾಮಾನು ತುಂಬುವ ತೆರೆದ ಜಾಗದ ಮೇಲೆ ಚಾಚಿಕೊಂಡಿರುತ್ತೆ. ಮೂತಿಯ ಅಡಿಯಲ್ಲಿ ದಪ್ಪನೆಯ ಉಕ್ಕಿನ ಕಿಂಗ್‌ಪಿನ್ ಇರುತ್ತೆ. ಬೆಡ್ಡಿನಲ್ಲಿ ಕೂರಿಸಿದ ಹಿಚ್ ಅನ್ನುವ ಕೊಂಡಿಯ ದವಡೆ ಅದನ್ನು ಕಚ್ಚಿ ಹಿಡಿಯುತ್ತೆ. ಬಂಪರ್ ಹಿಂದಿನ ಉಕ್ಕಿನ ಚೆಂಡಿಗೆ ಸಿಕ್ಕಿಸುವ ಮಾಮೂಲಿ ಟ್ರಾವೆಲ್ ಟ್ರೈಲರ್ ಬೇರೆ, ಇದು ಬೇರೆ. ಇಲ್ಲಿ ಭಾರ ಬೀಳೋದು ಹಿಂದಿನ ಆಕ್ಸಲ್‌ನ ಮೇಲೆ, ಅಥವಾ ಅದಕ್ಕಿಂತ ಒಂಚೂರು ಮುಂದೆ. ಹಾಗಾಗಿ ಗಾಡಿ ಅಲ್ಲಾಡೋದು ಕಡಿಮೆ, ಓಡಿಸೋದು ಹಾಯಾಗಿರುತ್ತೆ. ಈ ಹಾಯೇ ಮುಂದೆ ತೊಂದರೆ ಕೊಟ್ಟಿತು.

ಗ್ರೇಪ್‌ವೈನ್ ಇಳಿಜಾರು

ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋಗಿ ವಾಪಸ್ ಬರುತ್ತಿದ್ದರು. ಲಾಸ್ ಏಂಜಲೀಸ್ ಕಡೆಯಿಂದ ಐ-5 ಹೆದ್ದಾರಿಯಲ್ಲಿ ಉತ್ತರಕ್ಕೆ ಬಂದರೆ 4,144 ಅಡಿ ಎತ್ತರದ ತೇಹೋನ್ ಪಾಸ್ ದಾಟಬೇಕು. ಅದಾದಮೇಲೆ ಗ್ರೇಪ್‌ವೈನ್ ಅನ್ನುವ ಇಳಿಜಾರು. ಶೇ. 6ರ ಇಳುಕಲು, ಸುಮಾರು ಐದು ಮೈಲಿ. ಕೆಳಗೆ ತಲುಪುವ ಹೊತ್ತಿಗೆ ಬ್ರೇಕ್ ಸುಟ್ಟ ವಾಸನೆ ಕ್ಯಾಬಿನ್ ಒಳಗೇ ಬಂತಂತೆ. ಪೆಡಲ್ ಮೆತ್ತಗಾಗಿತ್ತು. ಪಕ್ಕಕ್ಕೆ ಹಾಕಿ, ಒಂದು ಗಂಟೆ ಕೂತು, ನಿಧಾನಕ್ಕೆ ಮನೆ ಸೇರಿದರು.

ಮಾರನೆಯ ದಿನ ಫೋನ್ ಬಂತು. "ಅಣ್ಣಾ, ಟ್ರಕ್ ಎಲ್ಲೂ ಅಲ್ಲಾಡ್ಲಿಲ್ಲ. ಘಾಟಿ ಹತ್ತೋವಾಗ ಉಸಿರೂ ಕಟ್ಟಲಿಲ್ಲ. ಬ್ರೇಕ್ ಮಾತ್ರ ಕೈಕೊಡ್ತು. ಪ್ಯಾಡ್ ಬದಲಾಯಿಸಿದ್ರೆ ಸಾಕು ಅಲ್ವಾ?"

ಅವರ ಹೆಂಡತಿ ಪಕ್ಕದಿಂದ ಇನ್ನೊಂದು ಮಾತು ಹೇಳಿದರು. ರಾತ್ರಿ ಹೊತ್ತು ಎದುರಿಗೆ ಬರುವವರೆಲ್ಲ ಹೈ ಬೀಮ್ ಹೊಡೆಯುತ್ತಿದ್ದರಂತೆ. "ನಮ್ಮದು ಲೋ ಬೀಮಲ್ಲೇ ಇತ್ತು ಅಣ್ಣಾ, ಆದ್ರೂ ಯಾಕೆ ಹಂಗ್ ಮಾಡ್ತಿದ್ರೋ." ನನಗೆ ಬ್ರೇಕ್ ವಾಸನೆಗಿಂತ ಈ ಮಾತು ಜಾಸ್ತಿ ಕೆಲಸಕ್ಕೆ ಬಂತು. ಲೋ ಬೀಮ್ ಎದುರಿನವರ ಕಣ್ಣಿಗೆ ಹೊಡೆಯುತ್ತಿದೆ ಅಂದರೆ ಟ್ರಕ್ಕಿನ ಮೂತಿ ಮೇಲೆದ್ದಿದೆ. ಅಂದರೆ ಹಿಂಭಾಗ ಕುಸಿದಿದೆ.

ಬಾಗಿಲ ಚೌಕಟ್ಟಿನ ಚೀಟಿ

ಟ್ರಕ್ ಮಾರಿದವರು ಹೇಳಿದ್ದ ಎಳೆಯುವ ಸಾಮರ್ಥ್ಯ 11,300 ಪೌಂಡ್. ಟ್ರೈಲರಿನ ಖಾಲಿ ತೂಕ 6,900 ಪೌಂಡ್, ತುಂಬಿದಾಗ ಇರಬಹುದಾದ ಗರಿಷ್ಠ ತೂಕ 9,500. 'ಹಾಫ್-ಟನ್ ಟೋವಬಲ್', ಅಂದರೆ ಹಾಫ್-ಟನ್ ಟ್ರಕ್ಕೇ ಎಳೆಯಬಲ್ಲದು ಅಂತ ಜಾಹೀರಾತಿನಲ್ಲೇ ಹಾಕಿದ್ದರು. ಯಾರು ನೋಡಿದರೂ ಸರಿ ಅಂತಲೇ ಹೇಳುವ ಲೆಕ್ಕ. 11,300 ಎಲ್ಲಿ, 9,500 ಎಲ್ಲಿ!

ಆ 11,300 ಸುಳ್ಳಲ್ಲ. ಈಗ ಹೆಚ್ಚಿನ ಕಂಪನಿಗಳು ಎಸ್‌ಎಇ ಜೆ2807 ಅನ್ನುವ ಮಾನದಂಡದ ಪ್ರಕಾರ ಪರೀಕ್ಷೆ ಮಾಡುತ್ತವೆ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಏರು ಅಂತ ಒಂದಿದೆ, 11.4 ಮೈಲಿ ಉದ್ದ. ಸುಡುಬಿಸಿಲಲ್ಲಿ ಎಸಿ ಪೂರ್ತಿ ಹಾಕಿಕೊಂಡು ಅದನ್ನು ಹತ್ತಬೇಕು, ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳಬಾರದು. ಕಠಿಣ ಪರೀಕ್ಷೆಯೇ. ಆದರೆ ಅಲ್ಲಿ ಟ್ರಕ್ಕಿನೊಳಗೆ ಲೆಕ್ಕಕ್ಕೆ ಹಿಡಿಯೋದು ತಲಾ 150 ಪೌಂಡಿನ ಇಬ್ಬರನ್ನು ಮಾತ್ರ. ಮಕ್ಕಳಿಲ್ಲ, ಐಸ್ ಬಾಕ್ಸಿಲ್ಲ, ಮನೆಯಿಂದ ಹೊತ್ತು ತಂದ ಕುಕ್ಕರ್ ಅಂತೂ ಇಲ್ಲವೇ ಇಲ್ಲ.

ನಮಗೆ ಬೇಕಾದ ಅಂಕಿ ಇರೋದು ಬ್ರೋಷರಿನಲ್ಲಲ್ಲ, ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಕಾಣುವ ಬಿಳಿ-ಹಳದಿ ಚೀಟಿಯಲ್ಲಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತೆ. ಪೇಲೋಡ್ ಅಂದರೆ ಅದೇ. ಒಂದೇ ಮಾಡೆಲ್ಲಿನ ಎರಡು ಟ್ರಕ್ಕಿಗೆ ಎರಡು ಬೇರೆ ಅಂಕಿ ಇರುತ್ತೆ. ಸನ್‌ರೂಫ್, ಫೋರ್ ವೀಲ್ ಡ್ರೈವ್, ಕರೆಂಟಿನಲ್ಲಿ ಮಡಚಿಕೊಳ್ಳುವ ಮೆಟ್ಟಿಲು ಎಲ್ಲಕ್ಕೂ ತೂಕ ಇದೆಯಲ್ಲ, ಅದೆಲ್ಲ ಪೇಲೋಡಿನಿಂದಲೇ ಕಳೆದುಹೋಗುತ್ತೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಟ್ರಕ್ ಹೊರೋದು ಕಡಿಮೆ. ತಮಾಷೆ ಅನ್ನಿಸಬಹುದು, ಆದರೆ ನಿಜ.

ಇವರ ಚೀಟಿಯಲ್ಲಿದ್ದದ್ದು 1,620 ಪೌಂಡ್, ಅಂದರೆ ಸುಮಾರು 735 ಕಿಲೊ.

ಈಗ ಲೆಕ್ಕ ನೋಡಿ. ಫಿಫ್ತ್ ವೀಲ್ ತನ್ನ ತೂಕದ ಶೇ. 15ರಿಂದ 25ರಷ್ಟನ್ನು ಟ್ರಕ್ಕಿನ ಮೇಲೆ ಹೇರುತ್ತೆ. ಇದೇ ಪಿನ್ ತೂಕ. ಸಾಮಾನ್ಯವಾಗಿ ಶೇ. 20 ಅಂತ ಹಿಡಿಯೋದು ವಾಡಿಕೆ. 11,300ರ ಶೇ. 20 ಎಂದರೆ 2,260. ಅಂದರೆ ಡ್ರೈವರ್ ಕೂರುವ ಮೊದಲೇ, ಹಿಚ್ ಹಾಕುವ ಮೊದಲೇ, ಪೇಲೋಡ್ ಮುಗಿದು 640 ಪೌಂಡ್ ಮೇಲೆ ಹೋಯಿತು. ಈ ಟ್ರಕ್ ಆ ತೂಕದ ಫಿಫ್ತ್ ವೀಲನ್ನು ಎಳೆಯೋ ಮಾತೇ ಇಲ್ಲ. ಒಂದೇ ಗುಣಾಕಾರದಲ್ಲಿ ಗೊತ್ತಾಗುವ ವಿಷಯ. ಆದರೆ ಮಾರುವ ಕಡೆ ಯಾರೂ ಈ ಗುಣಾಕಾರ ಮಾಡಿ ತೋರಿಸೋದಿಲ್ಲ.

ಟ್ರೈಲರಿನ ಬ್ರೋಷರಿನಲ್ಲಿ ಪಿನ್ ತೂಕ 1,240 ಅಂತಿತ್ತು. ಅದು ಖಾಲಿ ಟ್ರೈಲರಿನದು. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಕುರ್ಚಿ-ಟೇಬಲ್ ತುಂಬುವ ದೊಡ್ಡ ಗೂಡು, ಮಲಗುವ ಕೋಣೆಯ ಬಟ್ಟೆ ಬೀರು ಎಲ್ಲ ಇವರ ಟ್ರೈಲರಿನಲ್ಲಿ ಮೂತಿಯ ಕಡೆಯೇ ಇದ್ದವು. ತುಂಬಿದ್ದರಲ್ಲಿ ದೊಡ್ಡ ಪಾಲು ಪಿನ್ ಮೇಲೇ ಬೀಳುತ್ತಿತ್ತು.

ತೂಕಕ್ಕೆ ನಿಲ್ಲಿಸಿದ್ದು

ಊಹೆ ಸಾಕು, ತೂಗೋಣ ಅಂದೆ. ಪ್ರವಾಸಕ್ಕೆ ಹೋದಾಗ ಏನೇನಿತ್ತೋ ಅಷ್ಟನ್ನೂ ತುಂಬಿ, ನಾಲ್ಕೂ ಜನ ಕೂತು, ಟ್ಯಾಂಕ್ ಫುಲ್ ಮಾಡಿಕೊಂಡು ಬನ್ನಿ ಅಂತ ಹೇಳಿದೆ. ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ವೇಬ್ರಿಡ್ಜ್ ಇರುತ್ತೆ. ಲಾರಿಯವರಿಗಾಗಿ ಇರೋದು, ಆದರೆ ಯಾರು ಬೇಕಾದರೂ ತೂಗಿಸಬಹುದು. ಒಂದರ ಹಿಂದೊಂದು ಹಲಗೆಗಳು. ಟ್ರಕ್ಕಿನ ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೈಲರ್ ಚಕ್ರಗಳು ಮೂರನೆಯದರ ಮೇಲೆ ಬರುವ ಹಾಗೆ ನಿಲ್ಲಿಸಬೇಕು. ಹಲಗೆಗಳ ನಡುವಿನ ಗೆರೆಯ ಮೇಲೆ ಚಕ್ರ ನಿಂತರೆ ಲೆಕ್ಕ ಕೆಡುತ್ತೆ, ಅದಕ್ಕೆ ಒಬ್ಬರು ಇಳಿದು ನೋಡೋದು ಒಳ್ಳೆಯದು. ಮಗಳು ಇಳಿದು ನೋಡಿದಳು. ಗುಂಡಿ ಒತ್ತಿ ಹೇಳಿದರೆ ಒಳಗಿನವರು ತೂಗಿ ಚೀಟಿ ಕೊಡುತ್ತಾರೆ.

ಮೊದಲ ಚೀಟಿ ಟ್ರೈಲರ್ ಸಮೇತ. ಮುಂದಿನ ಆಕ್ಸಲ್ 3,340. ಹಿಂದಿನ ಆಕ್ಸಲ್ 4,580. ಟ್ರೈಲರ್ ಆಕ್ಸಲ್‌ಗಳು 6,720. ಒಟ್ಟು 14,640 ಪೌಂಡ್.

ಆಮೇಲೆ ಮೂಲೆಯಲ್ಲಿ ಟ್ರೈಲರ್ ಬಿಚ್ಚಿ ನಿಲ್ಲಿಸಿ, ಟ್ರಕ್ ಒಂದನ್ನೇ ಅದೇ ಜನರ ಸಮೇತ ಮತ್ತೆ ತೂಗಿಸಿದೆವು. ಮುಂದೆ 3,300, ಹಿಂದೆ 2,980, ಒಟ್ಟು 6,280. ಈ ಎರಡನೆಯ ಚೀಟಿ ಇಲ್ಲದಿದ್ದರೆ ಪಿನ್ ತೂಕ ಸಿಗೋದಿಲ್ಲ. ಟ್ರೈಲರ್ ಸಿಕ್ಕಿಸಿದಾಗ ಟ್ರಕ್ಕಿನ ತೂಕ 7,920, ಬಿಚ್ಚಿದಾಗ 6,280. ವ್ಯತ್ಯಾಸ 1,640. ಬ್ರೋಷರಿನ 1,240 ಎಲ್ಲಿಗೆ ಬಂತು ನೋಡಿ. ಟ್ರೈಲರಿನ ನಿಜವಾದ ತೂಕ 8,360, ಪಿನ್ ಅದರ ಶೇ. 20ಕ್ಕೆ ಒಂದು ಕೂದಲು ಕಡಿಮೆ.

ಚೀಟಿಯನ್ನು ಬಾನೆಟ್ ಮೇಲೆ ಹರಡಿಕೊಂಡು ಒಂದೊಂದೇ ಹೋಲಿಸಿದೆವು. ಎಳೆಯುವ ಮಿತಿ 11,300, ಇರೋದು 8,360. ಸರಿ. ಟ್ರಕ್ಕು ಟ್ರೈಲರು ಸೇರಿದ ಮಿತಿ 17,000, ಇರೋದು 14,640. ಸರಿ. ಟ್ರೈಲರಿನ ಸ್ವಂತ ಮಿತಿ, ಸರಿ. ಮುಂದಿನ ಆಕ್ಸಲ್, ಸರಿ. ಅವರ ಮುಖ ಅರಳುತ್ತಾ ಬಂತು.

ಟ್ರಕ್ಕಿನ ಒಟ್ಟು ತೂಕದ ಮಿತಿ 7,050. ಇರೋದು 7,920. 870 ಪೌಂಡ್ ಜಾಸ್ತಿ, ಹತ್ತಿರ ಹತ್ತಿರ 400 ಕಿಲೊ. ಹಿಂದಿನ ಆಕ್ಸಲ್ ಮಿತಿ 4,050. ಇರೋದು 4,580. 530 ಜಾಸ್ತಿ.

"ಮತ್ತೆ ಗಾಡಿಗೆ ಏನೂ ಅನ್ನಿಸಲೇ ಇಲ್ಲವಲ್ಲ!" ಅಂದರು. ನಿಜ, ಅನ್ನಿಸಲಿಲ್ಲ. ಚೀಟಿಯಲ್ಲೇ ಕಾರಣ ಇದೆ. ಪಿನ್ನಿನ 1,640 ಪೌಂಡಿನಲ್ಲಿ ಹಿಂದಿನ ಆಕ್ಸಲ್‌ಗೆ ಹೋದದ್ದು 1,600, ಮುಂದಿನದಕ್ಕೆ 40. ಮುಂದಿನ ಚಕ್ರದ ಭಾರ ಇಳಿದಿಲ್ಲ. ಆದ್ದರಿಂದ ಸ್ಟೀರಿಂಗ್ ಹಗುರ ಅನ್ನಿಸೋದಿಲ್ಲ, ಬಾಲ ಬೀಸೋದಿಲ್ಲ. ಬಂಪರ್ ಹಿಂದೆ ಸಿಕ್ಕಿಸುವ ಟ್ರೈಲರ್‌ನಲ್ಲಿ ಇಷ್ಟು ಭಾರ ಹಾಕಿದ್ದರೆ ಮೊದಲ ಮೈಲಿಯಲ್ಲೇ ಕೈಗೆ ಗೊತ್ತಾಗುತ್ತಿತ್ತು. ಫಿಫ್ತ್ ವೀಲ್ ಸದ್ದಿಲ್ಲದೆ ಹೇರುತ್ತೆ. ಸ್ಪ್ರಿಂಗು, ಬೇರಿಂಗು, ಆಕ್ಸಲ್ ಹೌಸಿಂಗು, ಟೈರು ಬಿಸಿಯಾಗಿ ಸವೆಯುತ್ತಿರುತ್ತವೆ. ಡ್ರೈವರ್‌ಗೆ ಮಾತ್ರ ಆರಾಮ. "ಅಲ್ಲಾಡ್ಲಿಲ್ಲ" ಅನ್ನೋದು ಫಿಫ್ತ್ ವೀಲ್ ವಿಷಯದಲ್ಲಿ ಸರ್ಟಿಫಿಕೇಟ್ ಅಲ್ಲ.

ಬ್ರೇಕ್ ಸುಟ್ಟದ್ದು ಯಾಕೆ

ಇಲ್ಲಿ ಕಥೆ ಒಂದು ತಿರುವು ತೆಗೆದುಕೊಂಡಿತು. ಬ್ರೇಕ್ ಸುಟ್ಟದ್ದಕ್ಕೆ ಮುಖ್ಯ ಕಾರಣ ಈ 870 ಪೌಂಡ್ ಅಲ್ಲ.

ಟ್ರೈಲರಿನ ಚಕ್ರಗಳಿಗೆ ಅದರದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತೆ. ಎಷ್ಟು ಬಲವಾಗಿ ಹಿಡಿಯಬೇಕು ಅನ್ನೋದನ್ನು ಡ್ಯಾಶ್‌ಬೋರ್ಡಿನ ಕಂಟ್ರೋಲರ್‌ನಲ್ಲಿ ಹೇಳಬೇಕು. ಆ ಅಂಕಿಗೆ ಗೇನ್ ಅನ್ನುತ್ತಾರೆ. ಇವರ ಕಂಟ್ರೋಲರ್‌ನಲ್ಲಿ ಅದು 0ಯಿಂದ 10ರವರೆಗೆ. ನಾನು ನೋಡಿದಾಗ 2ರಲ್ಲಿತ್ತು. ಯಾಕೆ ಅಂದರೆ, ಕ್ಯಾಂಪ್‌ಗ್ರೌಂಡಿನೊಳಗೆ ಆಮೆ ನಡಿಗೆಯಲ್ಲಿ ಹೋಗುವಾಗ ಟ್ರೈಲರ್ ಜಗ್ಗುತ್ತಿತ್ತು, ಮಕ್ಕಳು ಬೈದರು, ಕಡಿಮೆ ಮಾಡಿದೆ ಅಂದರು. ಮತ್ತೆ ಏರಿಸಲಿಲ್ಲ. ಅಂದರೆ ಗ್ರೇಪ್‌ವೈನ್ ಉದ್ದಕ್ಕೂ 14,640 ಪೌಂಡನ್ನು ಹೆಚ್ಚುಕಡಿಮೆ ಟ್ರಕ್ಕಿನ ನಾಲ್ಕು ಬ್ರೇಕುಗಳೇ ಹಿಡಿದಿದ್ದವು. ಟೋ/ಹಾಲ್ ಬಟನ್ ಕೂಡ ಒತ್ತಿರಲಿಲ್ಲ. ಅದು ಒತ್ತಿದ್ದರೆ ಗೇರ್ ಇಳಿದು ಎಂಜಿನ್ನೇ ಅರ್ಧ ಕೆಲಸ ಮಾಡುತ್ತಿತ್ತು. ಇಳಿಜಾರಿನ ನೆತ್ತಿಯಲ್ಲೇ ವೇಗ ಇಳಿಸಿ, ಕೆಳ ಗೇರಿಗೆ ಬಂದು, ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ಇವರು ಐದು ಮೈಲಿಯೂ ಮೆಲ್ಲಗೆ ಒತ್ತಿಕೊಂಡೇ ಬಂದಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯೇ ಗರಿಷ್ಠ. ಅದು ಸಪಾಟು ರಸ್ತೆಗೆ, ಇಳಿಜಾರಿನ ಗುರಿ ಅಲ್ಲ.

ಖಾಲಿ ಪಾರ್ಕಿಂಗ್ ಜಾಗದಲ್ಲಿ ಗೇನ್ ಹೊಂದಿಸಿದೆವು. ಗಂಟೆಗೆ 20-25 ಮೈಲಿಯಲ್ಲಿ ಹೋಗುತ್ತಾ, ಕಾಲು ಬ್ರೇಕಿನ ಮೇಲಿಡದೆ, ಕಂಟ್ರೋಲರಿನ ಸಣ್ಣ ಹಿಡಿಯನ್ನು ಪೂರ್ತಿ ಒತ್ತಬೇಕು. ಆಗ ಟ್ರೈಲರ್ ಮಾತ್ರ ಬ್ರೇಕ್ ಹಿಡಿಯುತ್ತೆ. 2ರಲ್ಲಿ ಒತ್ತಿದಾಗ ಏನೂ ಆಗಲಿಲ್ಲ, ಟ್ರಕ್ ಸುಮ್ನೆ ಹೋಗ್ತಾ ಇತ್ತು. 4ರಲ್ಲಿ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದ ಹಾಗೆ. 7ಕ್ಕೆ ಚಕ್ರ ಲಾಕ್ ಆಗಿ ಕಿರ್ ಅಂತ ಜಾರಿತು. 6.5ಕ್ಕೆ ಇಳಿಸಿ ನಿಲ್ಲಿಸಿದೆವು. ಹೊರೆ ಬದಲಾದರೆ, ಮಳೆ ಬಂದರೆ, ಇದನ್ನೇ ಮತ್ತೆ ಮಾಡಬೇಕು.

ಗೇನ್ ಸರಿಮಾಡಿ, ಪ್ಯಾಡ್ ಬದಲಾಯಿಸಿ ಸುಮ್ಮನಾಗಿದ್ದರೆ ವಾಸನೆ ಮತ್ತೆ ಬರುತ್ತಿರಲಿಲ್ಲ. 870 ಪೌಂಡ್ ಮಾತ್ರ ಹಾಗೇ ಉಳಿದುಬಿಡುತ್ತಿತ್ತು. ಅವರು ಕೇಳಿದ್ದೂ ಪ್ಯಾಡ್ ಬಗ್ಗೆಯೇ ಅಲ್ವಾ?

ಅದೇ ದಿನ ಅವರು ಟ್ರೈಲರ್ ಸಿಕ್ಕಿಸೋದನ್ನೂ ನಿಂತು ನೋಡಿದೆ. ಇದರಲ್ಲಿ ಅವರು ಪಕ್ಕಾ. ಕಿಂಗ್‌ಪಿನ್ ಸುತ್ತಲಿನ ಟ್ರೈಲರಿನ ತಟ್ಟೆ ಹಿಚ್ಚಿಗಿಂತ ಒಂದಿಷ್ಟು ಕೆಳಗಿರುವಂತೆ ಟ್ರೈಲರಿನ ಆನಿಕೆ ಕಾಲು ಹೊಂದಿಸಿದರು. ಹಿಂದಕ್ಕೆ ಬಂದಾಗ ಹಿಚ್ ತಟ್ಟೆಯನ್ನು ತಾನೇ ಎತ್ತಿಕೊಳ್ಳಬೇಕು. ತಟ್ಟೆ ಎತ್ತರದಲ್ಲಿದ್ದರೆ ದವಡೆ ಪಿನ್ನಿನ ತುದಿಯನ್ನಷ್ಟೇ ಹಿಡಿದಂತೆ ಮಾಡಿ, ಹಿಡಿ ಮುಚ್ಚಿಕೊಂಡ ಹಾಗೆ ಕಾಣುತ್ತೆ. ಮೊದಲ ತಿರುವಿನಲ್ಲಿ ಟ್ರೈಲರ್ ಬೆಡ್ಡಿನ ಅಂಚಿನ ಮೇಲೆ ಬೀಳುತ್ತೆ. ಅವರು ಟಾರ್ಚ್ ಬಿಟ್ಟು ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತಿದೆಯಾ ಅಂತ ನೋಡಿದರು. ಆಮೇಲೆ ಟ್ರೈಲರಿನ ಕಾಲು ನೆಲದ ಮೇಲಿರುವಾಗಲೇ ಅದರ ಬ್ರೇಕ್ ಹಿಡಿದು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಿದರು. ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ತಂತಿಯನ್ನು ಟ್ರಕ್ಕಿಗೇ ಕಟ್ಟಿದ್ದರು, ಹಿಚ್ಚಿಗಲ್ಲ. ಹಿಚ್ಚೇ ಕಿತ್ತುಬಂದರೆ ಅದಕ್ಕೆ ಕಟ್ಟಿದ ತಂತಿಯಿಂದ ಏನು ಪ್ರಯೋಜನ?

ಮುಂದೇನು

ಎಲ್ಲರೂ ಮೊದಲು ಹೇಳೋದು ಏರ್‌ಬ್ಯಾಗ್. ಹಿಂದಿನ ಸ್ಪ್ರಿಂಗಿಗೆ ಗಾಳಿಯ ಚೀಲ ಹಾಕಿಸಿ, ಗಾಳಿ ತುಂಬಿ, ಕುಸಿದದ್ದು ಎದ್ದು ನಿಲ್ಲುತ್ತೆ ಅಂತ. ನಿಲ್ಲುತ್ತೆ, ಖಂಡಿತ. ಹೆಡ್‌ಲೈಟ್ ಕೂಡ ಸರಿಯಾಗುತ್ತೆ. ಆದರೆ ಆಕ್ಸಲ್ ಮೇಲಿನ 4,580 ಅಷ್ಟೇ ಇರುತ್ತೆ, ಬಾಗಿಲಿನ ಚೀಟಿಯೂ ಬದಲಾಗೋದಿಲ್ಲ. ಕುಸಿತ ಅನ್ನೋದು ಇವರಿಗೆ ಸಿಕ್ಕಿದ್ದ ಒಂದೇ ಒಂದು ಗುರುತು. ಅದನ್ನೂ ಮುಚ್ಚಿ ಹಾಕಿದ ಹಾಗೆ ಆಗುತ್ತಿತ್ತು. ನಾನು ಬೇಡ ಅಂದೆ.

ಸಾಮಾನು ಕಡಿಮೆ ಮಾಡಿದರೆ? ಕೂತು ಲೆಕ್ಕ ಹಾಕಿದೆವು. ನಾಲ್ಕು ಜನರ ತೂಕ 570, ಹಿಚ್ 190. ಇಷ್ಟಕ್ಕೇ 760. ಟ್ರಕ್ಕಿನಲ್ಲಿದ್ದ ಉಳಿದ 90 ಪೌಂಡ್ ಸಾಮಾನನ್ನು ಪೂರ್ತಿ ತೆಗೆದರೂ ಪಿನ್ನಿಗೆ ಉಳಿಯೋದು 860. ಖಾಲಿ ಟ್ರೈಲರಿನ ಪಿನ್ನೇ 1,240. ಅಲ್ಲಿಗೆ ಮುಗಿಯಿತು. ಸುಮಾರು 40 ಪೌಂಡಿನ ಅಲ್ಯುಮಿನಿಯಂ ಹಿಚ್ ಸಿಗುತ್ತೆ, ಅದರಿಂದ 150 ಉಳಿಯುತ್ತೆ. ಆದರೂ ಸಾಲದು. ಸಾಮಾನೆಲ್ಲ ಟ್ರೈಲರಿನ ಹಿಂಭಾಗಕ್ಕೆ ತಳ್ಳೋಣ ಅಂತ ಮಗ ಹೇಳಿದ. ಬುದ್ಧಿವಂತ ಯೋಚನೆಯೇ, ಆದರೆ ಅದಕ್ಕೂ ಮಿತಿ ಇದೆ. ಪಿನ್ ತೂಕ ಶೇ. 15ಕ್ಕಿಂತ ಕೆಳಗಿಳಿದರೆ ಫಿಫ್ತ್ ವೀಲೂ ಬಾಲ ಬೀಸೋಕೆ ಶುರು ಮಾಡುತ್ತೆ.

ಹಾಗಾದರೆ ಹಾಫ್-ಟನ್ ಟ್ರಕ್ಕಿನಲ್ಲಿ ಫಿಫ್ತ್ ವೀಲ್ ಎಳೆಯಲೇಬಾರದಾ? ಹಾಗೇನಿಲ್ಲ. ಮಿನೆಸೋಟದ ಸ್ಕ್ಯಾಂಪ್ ಕಂಪನಿಯ 19 ಅಡಿಯ ಫೈಬರ್‌ಗ್ಲಾಸ್ ಫಿಫ್ತ್ ವೀಲ್‌ನಂತಹ ಪುಟ್ಟವು ಇವೆ. ಎಫ್-150ಯಲ್ಲಿ ಹೆವಿ ಡ್ಯೂಟಿ ಪೇಲೋಡ್ ಪ್ಯಾಕೇಜ್ ಇರುವ ಟ್ರಕ್ಕುಗಳು ಬಂದಿವೆ, ಅವು ಇದಕ್ಕಿಂತ ಎಷ್ಟೋ ಜಾಸ್ತಿ ಹೊರುತ್ತವೆ. ಆದರೆ ಅಂತಹವು ಡೀಲರ್ ಅಂಗಳದಲ್ಲಿ ಸಾಲಾಗಿ ನಿಂತಿರೋದಿಲ್ಲ, ಹುಡುಕಬೇಕು. ಇಬ್ಬರೇ ಹೋಗುವವರಾದರೆ ಲೆಕ್ಕ ಇನ್ನೂ ಸಡಿಲ. ನಾಲ್ಕು ಜನ, ಸನ್‌ರೂಫ್ ಟ್ರಕ್ಕು, ಮಧ್ಯಮ ಗಾತ್ರದ ಫಿಫ್ತ್ ವೀಲು, ಈ ಮೂರು ಒಟ್ಟಿಗೆ ಕೂಡಿಬರೋದಿಲ್ಲ.

ಉಳಿದದ್ದು ಎರಡು ದಾರಿ. ಒಂದು, ಟ್ರೈಲರ್ ಮಾರಿ ಟ್ರಾವೆಲ್ ಟ್ರೈಲರ್ ಕೊಳ್ಳೋದು. ಅದು ಟ್ರಕ್ಕಿನ ಮೇಲೆ ಹೇರೋದು ಶೇ. 10ರಿಂದ 15 ಮಾತ್ರ. ತುಂಬಿದ ಮೇಲೆ 6,200 ಪೌಂಡ್ ಇರುವಂಥದ್ದು ಸಿಕ್ಕರೆ ಶೇ. 13ಕ್ಕೆ 806. ಭಾರ ಹಂಚುವ ಹಿಚ್ಚಿಗೆ 90, ಜನ 570, ಸಾಮಾನು 90. ಒಟ್ಟು 1,556. ಮಿತಿಯೊಳಗೆ ಬರುತ್ತೆ, ಆದರೆ ಉಳಿಯೋದು 64 ಪೌಂಡ್. ಮಕ್ಕಳು ಬೆಳೆಯುವ ವಯಸ್ಸು. ನನಗೆ ಇದು ಇಷ್ಟವಾಗಲಿಲ್ಲ, ಅವರ ಹೆಂಡತಿಗಂತೂ ಫಿಫ್ತ್ ವೀಲಿನ ಎತ್ತರದ ಅಡುಗೆಮನೆ ಬಿಡಲು ಮನಸ್ಸೇ ಇರಲಿಲ್ಲ.

ಇನ್ನೊಂದು, ಟ್ರಕ್ ಬದಲಾಯಿಸೋದು. ಇಲ್ಲೂ ಒಂದು ಹಳ್ಳ ಇದೆ. ಒಂದು ಮೆಟ್ಟಿಲು ಮೇಲಿನ ವರ್ಗದ ಮುಕ್ಕಾಲು ಟನ್ ಡೀಸೆಲ್ ಟ್ರಕ್ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಡೀಸೆಲ್ ಎಂಜಿನ್ ತುಂಬಾ ಭಾರ. ಒಟ್ಟು ಮಿತಿ 10,000 ಪೌಂಡಿಗೆ ನಿಗದಿಯಾದ ಡೀಸೆಲ್ ಟ್ರಕ್ಕುಗಳಲ್ಲಿ ಪೇಲೋಡ್ ನಿರೀಕ್ಷೆಗಿಂತ ಕಡಿಮೆ ಇರುತ್ತೆ. ಪಿನ್ 1,640, ಜನ-ಹಿಚ್-ಸಾಮಾನು 850 ಸೇರಿ ಇವರಿಗೆ ಬೇಕಾದದ್ದು ಕನಿಷ್ಠ 2,490. ಅವರು ನೋಡಿದ ಮೊದಲ ಡೀಸೆಲ್ ಟ್ರಕ್ಕಿನ ಬಾಗಿಲಲ್ಲಿ ಅಷ್ಟೂ ಇರಲಿಲ್ಲ. ಈ ಸಲ ಅವರೇ ಮೊದಲು ಬಾಗಿಲು ತೆಗೆದು ಚೀಟಿ ಓದಿದರು, ಆಮೇಲೆ ಬೆಲೆ ಕೇಳಿದರು. ಕೊನೆಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಒಂದು-ಟನ್ ಪೆಟ್ರೋಲ್ ಟ್ರಕ್, ಹಿಂದೆ ಪ್ರತಿ ಬದಿಗೆ ಒಂದೇ ಚಕ್ರ ಇರುವಂಥದ್ದು. ಬಟ್ಟೆ ಸೀಟು, ಸನ್‌ರೂಫ್ ಇಲ್ಲ. ಪೇಲೋಡ್ 3,700.

ಟ್ರೈಲರಿನ ಗರಿಷ್ಠ ತೂಕ 10,000ಕ್ಕಿಂತ ಕೆಳಗಿರೋದರಿಂದ ಮಾಮೂಲಿ ಲೈಸೆನ್ಸೇ ಸಾಕಾಯಿತು. ಅದಕ್ಕಿಂತ ದೊಡ್ಡ ಫಿಫ್ತ್ ವೀಲಿಗೆ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಅನುಮತಿ ಬೇಕು.

ಮತ್ತೆ ಅದೇ ವೇಬ್ರಿಡ್ಜ್, ಅದೇ ಹೊರೆ. ಮುಂದೆ 4,060, ಹಿಂದೆ 5,340, ಒಟ್ಟು 9,400. ಮಿತಿ 10,600. ಟ್ರೈಲರ್ ಟೈರುಗಳ ಪಕ್ಕದಲ್ಲಿದ್ದ ನಾಲ್ಕು ಅಂಕಿ ನೋಡಿದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗೀರು ಚೆನ್ನಾಗಿತ್ತು, ವಯಸ್ಸು ಮೀರಿತ್ತು. ನಾಲ್ಕೂ ಬದಲಾಯಿಸಿದರು.

ಒಂದು ಕೆಲಸ ಬಾಕಿ ಇದೆ. ಹೊಸ ಟ್ರಕ್ಕಿನ ಬೆಡ್ ಎತ್ತರ. ಟ್ರೈಲರ್ ಸಮವಾಗಿ ನಿಲ್ಲಲಿ ಅಂತ ಹಿಚ್ ಇಳಿಸಿದರೆ ಬೆಡ್ಡಿನ ಅಂಚಿಗೂ ಟ್ರೈಲರಿನ ಹೊಟ್ಟೆಗೂ ನಡುವೆ 4 ಇಂಚು ಮಾತ್ರ ಉಳಿಯುತ್ತೆ. ಏರುಪೇರಿನ ಕ್ಯಾಂಪ್‌ಗ್ರೌಂಡಿನಲ್ಲಿ ಅದು ತಗುಲುತ್ತೆ, 6 ಇಂಚಾದರೂ ಬೇಕು. ಸದ್ಯಕ್ಕೆ 6 ಇಂಚು ಉಳಿಸಿಕೊಂಡು, ಮೂತಿ 2 ಇಂಚು ಮೇಲಿರುವ ಹಾಗೆಯೇ ಬಿಟ್ಟಿದ್ದಾರೆ. ಬೇಸಿಗೆಗೆ ಮೊದಲು ಟ್ರೈಲರಿನ ಆಕ್ಸಲ್ ಕಡೆ ಎತ್ತರಿಸಿಕೊಡುತ್ತೇನೆ ಅಂತ ಸ್ಪ್ರಿಂಗ್ ಅಂಗಡಿಯವನು ಹೇಳಿದ್ದಾನೆ.